ಕೇಳಸಲತ್ತದೇನು?

ಅವ್ವ ಈಗಲೂ ಫೋನಿನಲ್ಲಿ ಕೂಗಿಯೇ ಮಾತಾಡುತ್ತಾಳೆ. ಭೂಸನೂರಿನ ನಮ್ಮ ಮನೆಯ ಮಾಳಿಗೆ ಹತ್ತಿ, ಅಕ್ಕಲಕೋಟ ದಿಕ್ಕಿಗೆ ಮುಖ ಮಾಡಿ ನಿಂತು, ಗಡಿಯಾಚೆ ಕೊಟ್ಟ ತಂಗಿಯನ್ನು ಹೆಸರು ಹಿಡಿದು ಕರೆಯುತ್ತಾಳೆ. "ಕೇಳಸಲತ್ತದೇನು?" ಅನ್ನುವುದು ಮೊದಲ ಮಾತು. ಆ ಕಡೆಯಿಂದ ಹೂಂ ಬಂದ ಮೇಲೆಯೇ ಮಳೆ, ಬೆಳೆ, ಮೊಣಕಾಲು ನೋವು. ಮೊಮ್ಮಕ್ಕಳು "ಮೆಲ್ಲಗ ಮಾತಾಡು ಆಯಿ, ಓಣಿಗೆಲ್ಲ ಕೇಳಸ್ತದ" ಅಂದರೆ ಆಕೆ ಒಪ್ಪುವುದಿಲ್ಲ. ಎಂಬತ್ತು ದಾಟಿದ ಆಕೆಗೆ ದೂರ ಅನ್ನುವುದು ದನಿ ಹಾಕಿ ದಾಟಬೇಕಾದ ಹೊಲ. ಮುಟ್ಟಿತೋ ಇಲ್ಲವೋ ಎಂದು ಕೇಳಿ ಖಾತ್ರಿ ಮಾಡಿಕೊಳ್ಳದೆ ಯಾವ ಖಬರನ್ನೂ ಬಿಟ್ಟುಕೊಡುವವಳಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿದವನು. ಅಲೆ, ಕಂಪನ, ತರಂಗಾಂತರ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ಅವ್ವನ ಆ ಒಂದು ಪ್ರಶ್ನೆಯಲ್ಲಿ ಇರುವ ವಿವೇಕ ನನಗೆ ತಿಳಿದದ್ದು ತಡವಾಗಿ.

ಮೊದಲ ನೆನಪು 1975ರದು. ಶ್ರಾವಣಕ್ಕೆಂದು ಅವ್ವನ ತವರಿಗೆ ಹೋಗಿದ್ದೆವು, ನನಗೆ ಎಂಟು ವರ್ಷ. ಆ ಊರಿನ ಸಾಲಿ ಮುಂದೆ, ಕೋಳಿಗೂಡಿಗೆ ಬಡಿಯುವ ತಂತಿ ಜಾಲರಿಯಿಂದ ಮಾಡಿದ ಒಂದು ದೊಡ್ಡ ಬುಟ್ಟಿಯನ್ನು ಆಕಾಶಕ್ಕೆ ಬಾಯ್ದೆರೆದು ನಿಲ್ಲಿಸಿದ್ದರು. ಹತ್ತು ಅಡಿ ಅಗಲ ಇತ್ತು. ಒಳಗಡೆ ಕಟ್ಟಿಗೆ ಪೆಟ್ಟಿಗೆಯಲ್ಲಿ ಟೀವಿ. ಸಂಜೆಯಾದರೆ ಊರಿಗೆ ಊರೇ ಅಂಗಳದಲ್ಲಿ ಕೂಡುತ್ತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಎಲ್ಲರಿಗಿಂತ ಮುಂದೆ ಮಣ್ಣಿನ ಮೇಲೆ. ನಮ್ಮ ಕಡೆಯ ಪಟ್ಟಣದವರೇ ಟೀವಿ ಕಾಣದಿದ್ದ ಕಾಲ ಅದು. ಬೆಂಗಳೂರಿಗಿಂತ ಮೊದಲು ನಮ್ಮ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಯ ಹಳ್ಳಿಗಳು ಟೀವಿ ನೋಡಿದವು ಅಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. ಅದು ಖರೆ. ಇಸ್ರೋ ಮತ್ತು ಅಮೆರಿಕದ ನಾಸಾ ಕೂಡಿ ಮಾಡಿದ 'ಸೈಟ್' ಪ್ರಯೋಗ ಅದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ. ಎಟಿಎಸ್-6 ಎಂಬ ಆ ಉಪಗ್ರಹವನ್ನು ನಮ್ಮ ದೇಶ ಕಾಣುವಂತೆ ಪೂರ್ವ ಆಫ್ರಿಕಾದ ಮೇಲಕ್ಕೆ ಸರಿಸಿ ತಂದಿದ್ದರು. ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಬಂದದ್ದನ್ನು ಕೋಳಿಜಾಲರಿ ಹಿಡಿಯುತ್ತಿತ್ತು. ಚಿತ್ರದ ಜೊತೆಗೆ ಎರಡು ಧ್ವನಿವಾಹಿನಿ ಕಳಿಸುವ ಅನುಕೂಲ ಅದರಲ್ಲಿತ್ತು. ಹಾಗಾಗಿ ಒಂದೇ ಚಿತ್ರಕ್ಕೆ ಎರಡು ಭಾಷೆಯ ಮಾತು ಸಾಧ್ಯವಾಗಿತ್ತು.

ಆದರೆ ಎಂಟು ವರ್ಷದ ಹುಡುಗನ ಕಣ್ಣಲ್ಲಿ ಉಳಿದದ್ದು ಉಪಗ್ರಹವಲ್ಲ, ಕೀಲಿಕೈ. ಆ ಪೆಟ್ಟಿಗೆಯ ಕೀಲಿಕೈ ಸಾಲಿ ಮಾಸ್ತರರ ಜನಿವಾರದಂತೆ ಅವರ ಮೈಮೇಲೆಯೇ ಇರುತ್ತಿತ್ತು. ದಿನಾ ಬಂದು ಕೀಲಿ ತೆಗೆದು, ಧೋತರದ ಚುಂಗಿನಿಂದ ಗಾಜು ಒರೆಸಿ, ಗುಂಡಿ ತಿರುವಿ, ಹಿಂದೆ ಸರಿದು ನಿಲ್ಲುತ್ತಿದ್ದರು. ಬೀಜೋಪಚಾರದ ಬಗ್ಗೆಯೋ ಕೂಸಿನ ಭೇದಿಯ ಬಗ್ಗೆಯೋ ಕಾರ್ಯಕ್ರಮ ಮುಗಿದರೆ, ಅದನ್ನೇ ನಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. "ತಿಳೀತಾ?" ಎಂದು ಕೊನೆಗೆ ಹೆಂಗಸರ ಕಡೆ ತಿರುಗಿ ಕೇಳುತ್ತಿದ್ದರು. ಒಂದು ದಿನ ಚಿತ್ರ ಬರಲಿಲ್ಲ. ಬರೀ ಬಿಳಿ ಚುಕ್ಕೆ. ಎರಡೇ ದಿನದಲ್ಲಿ ಜೀಪಿನಲ್ಲಿ ಒಬ್ಬ ಯುವಕ ಬಂದ, ಪೆಟ್ಟಿಗೆಯ ಹಿಂಭಾಗ ಬಿಚ್ಚಿದ, ಏನನ್ನೋ ಬದಲಿಸಿದ, ಅಜ್ಜನ ಮನೆಯಲ್ಲಿ ರೊಟ್ಟಿ ಉಂಡು ಹೋದ. ಆ ಸಂಜೆ ಚಿತ್ರ ಬಂತು. ಯಂತ್ರ ಕೆಟ್ಟರೆ ಯಾರೋ ಬರುತ್ತಾರೆ ಎಂದು ನಾನು ಆವತ್ತು ನಂಬಿಬಿಟ್ಟೆ. ಅದು ಯಂತ್ರದ ಗುಣ ಅಂದುಕೊಂಡಿದ್ದೆ. ಅದರ ಹಿಂದೆ ಯಾರೋ ಕೂತು, ಕೆಟ್ಟರೆ ಯಾರು ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು ಎಂದು ಮೊದಲೇ ಯೋಚಿಸಿದ್ದರು ಎಂಬುದು ಆಗ ಹೊಳೆಯಲಿಲ್ಲ.

1994ರ ಜನವರಿಯಲ್ಲಿ ಆ ನಂಬಿಕೆ ಹೋಯಿತು.

ಆಗ ನಾನು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ಊರಿಗೆ ಫೋನ್ ಬಂದಿತ್ತು. ಪಂಚಾಯಿತಿ ಕೋಣೆಯ ಪಕ್ಕ ಉದ್ದನೆಯ ಕಂಬ, ಅದರ ತುದಿಗೆ ಮೀನಿನ ಎಲುಬಿನಂಥ ಆಂಟೆನಾ, ಕೆಳಗೆ ಸೌರಫಲಕ ಮತ್ತು ಬ್ಯಾಟರಿ. ತಂತಿ ಎಳೆಯುವ ಖರ್ಚಿಲ್ಲದೆ ರೇಡಿಯೊ ಅಲೆಯ ಮೇಲೆ ಹಳ್ಳಿಗೆ ಫೋನ್ ಕೊಡುವ ವ್ಯವಸ್ಥೆ ಅದು. ಎಕ್ಸ್‌ಚೇಂಜಿನಲ್ಲಿ ಒಂದು ಕೇಂದ್ರ, ಅದರ ಸುತ್ತಲಿನ ಹದಿನೈದು ಹಳ್ಳಿಗೆ ಕೂಡಿ ಎರಡೇ ಚಾನೆಲ್. ಎರಡು ಹಳ್ಳಿಯವರು ಮಾತಾಡುತ್ತಿದ್ದರೆ ಉಳಿದ ಹದಿಮೂರು ಹಳ್ಳಿಯವರು ಕಾಯಬೇಕು. ಅದಾದರೂ ಚಿಂತೆಯಿರಲಿಲ್ಲ, ಕಾಯುವುದು ನಮಗೆ ಹೊಸದಲ್ಲ. ನಮ್ಮ ಕಂಬ ಮಾತ್ರ ಐದು ತಿಂಗಳಿಂದ ಸತ್ತು ನಿಂತಿತ್ತು. ಮೂರು ಸಲ ಅರ್ಜಿ ಬರೆದುಕೊಟ್ಟವನು ನಾನೇ. ಬ್ಯಾಟರಿ ಹೋಗಿದೆ, ಬರುತ್ತದೆ ಅನ್ನುವ ಉತ್ತರ. ಕಂಬದ ಮೇಲೆ ಹದ್ದು ಕೂಡುತ್ತಿತ್ತು.

ತೊಗರಿ ರಾಶಿಯ ಸುಗ್ಗಿ. ಅಪ್ಪ ಭೂಸನೂರಿನ ಹೊಲದಲ್ಲಿ, ಬಡಿದ ತೊಗರಿ ಕಟ್ಟಿಗೆಯನ್ನು ಒಟ್ಟುತ್ತಿದ್ದವನು ಎದೆ ಹಿಡಿದು ಕೂತ. ಮತ್ತೆ ಏಳಲಿಲ್ಲ. ಮುಂಜಾನೆ ಏಳರ ಹೊತ್ತು. ತಮ್ಮ ಸೈಕಲ್ ತುಳಿದು ಆಳಂದಕ್ಕೆ ಹೋಗಿ, ಎಸ್‌ಟಿಡಿ ಬೂತಿನಿಂದ ನಮ್ಮ ಹಳ್ಳಿಯ ನಂಬರಿಗೆ ಮೇಲಿಂದ ಮೇಲೆ ತಿರುವಿದ. ಗಂಟೆಯೇ ಹೊಡೆಯಲಿಲ್ಲ. ಕೊನೆಗೆ ಒಂದು ಚೀಟಿ ಬರೆದು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟ. ಆತ ಅಫಜಲಪುರ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಕಂಡಕ್ಟರನಿಗೆ ಕೊಟ್ಟ. ಆ ಎರಡನೆಯವನು ನಮ್ಮೂರ ಫಾಟಕ್ಕಿನಲ್ಲಿ ಬಸ್ ನಿಲ್ಲಿಸಿ, ಇಳಿದು, ಸಾಲಿವರೆಗೆ ನಡೆದು ಬಂದು ಚೀಟಿಯನ್ನು ನನ್ನ ಕೈಯಲ್ಲೇ ಇಟ್ಟ. ಇಬ್ಬರ ಹೆಸರೂ ನನಗೆ ಗೊತ್ತಿಲ್ಲ. ಆತ ಬರುವಾಗ ಮಧ್ಯಾಹ್ನ ನಾಲ್ಕು. ಟಿಕೀಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಎರಡು ಸಾಲು, ಬೆವರಿಗೆ ಅರ್ಧ ಅಳಿಸಿತ್ತು. ಬಸ್ಸಿನಲ್ಲಿದ್ದ ಜನ ಕಿಟಕಿಯಿಂದ ನೋಡುತ್ತಿದ್ದರು. ಯಾರೂ ಗದ್ದಲ ಮಾಡಲಿಲ್ಲ. ನಾನು ಹತ್ತುವವರೆಗೆ ಬಸ್ ನಿಂತಿತು.

ಮನೆ ಮುಟ್ಟುವಾಗ ರಾತ್ರಿ. ಹೊತ್ತು ಮುಳುಗುವ ಮೊದಲೇ ಮಣ್ಣು ಮುಗಿದಿತ್ತು. ಹಿರಿಮಗ ನಾನು, ಹಿಡಿ ಮಣ್ಣು ಹಾಕಲಿಲ್ಲ.

ಆಮೇಲೆ ಎಷ್ಟೋ ದಿನಕ್ಕೆ ಫೋನಿನ ಕೆಲಸಕ್ಕೆ ತಾಲೂಕಿಗೆ ಹೋದಾಗ ಅಲ್ಲಿಯ ದಫ್ತರ ನೋಡಿದೆ. ಫೋನ್ ಇರುವ ಹಳ್ಳಿಗಳ ಪಟ್ಟಿಯಲ್ಲಿ ನಮ್ಮ ಹಳ್ಳಿಯ ಹೆಸರು ನೀಟಾಗಿ ಬರೆದಿತ್ತು. ಕಾಗದದ ಮೇಲೆ ಆ ಊರು ಮಾತಾಡುತ್ತಿತ್ತು. ಅವತ್ತಿನಿಂದ, ಇಷ್ಟು ಹಳ್ಳಿಗೆ ಅದು ಮುಟ್ಟಿತು, ಇಷ್ಟು ಮನೆಗೆ ಇದು ಮುಟ್ಟಿತು ಎಂಬ ಲೆಕ್ಕ ಓದಿದಾಗಲೆಲ್ಲ, ಆ ಕಡೆಯಿಂದ ಹೂಂ ಅಂದವರು ಯಾರಾದರೂ ಇದ್ದಾರೆಯೇ ಎಂದು ನಾನು ಹುಡುಕುತ್ತೇನೆ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಇಂಥ ಕತೆ ಹೇಳಿದರೆ ಜನ ಹಳೆಯದೇ ಚೆಂದ ಎಂಬ ಹಾಡು ಶುರು ಮಾಡುತ್ತಾರೆ. ಹಳೆಯದು ಚೆಂದ ಇರಲಿಲ್ಲ. ನಮ್ಮ ಕರ್ನಾಟಕದ ಕಿತ್ತೂರಿನಲ್ಲಿಯೇ 1986ರಲ್ಲಿ ಸಿ-ಡಾಟ್ ಸಂಸ್ಥೆ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೂಡಿಸಿತು. ನೂರಾ ಇಪ್ಪತ್ತೆಂಟು ಲೈನಿನ ಚಿಕ್ಕ ಪೆಟ್ಟಿಗೆ. ವಿದೇಶಿ ಎಕ್ಸ್‌ಚೇಂಜುಗಳಿಗೆ ಏಸಿ ಕೋಣೆ ಬೇಕಿತ್ತು. ಇದಕ್ಕೆ ಬೇಡ. ನಮ್ಮ ಧೂಳು, ನಮ್ಮ ಸೆಕೆ, ನಮ್ಮ ಹೋಗಿ ಬರುವ ಕರೆಂಟು, ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ್ದು. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ಕುದಿಯುವ ಜಿಲ್ಲೆಯವನಾಗಿ ಹೇಳುತ್ತೇನೆ, ಆ ಒಂದು ಯೋಚನೆಗೆ ನಾನು ಕೈ ಮುಗಿಯುತ್ತೇನೆ. ಯಾರಿಗಾಗಿ ಮಾಡುತ್ತೇವೋ ಅವರ ಊರಿನ ಬಿಸಿಲು ಗೊತ್ತಿದ್ದವರು ಮಾಡಿದ ಯಂತ್ರ ಅದು. ಅಂಥ ಎಕ್ಸ್‌ಚೇಂಜುಗಳಿಂದಲೇ ಮುಂದೆ ಹಳ್ಳಿ ಹಳ್ಳಿಗೆ ಹಳದಿ ಬೋರ್ಡಿನ ಬೂತುಗಳು ಬಂದವು. 08477 ನಮ್ಮ ಆಳಂದದ ಕೋಡ್. ಸೋಲಾಪುರ, ಪುಣೆ, ಮುಂಬಯಿಗೆ ದುಡಿಯಲು ಹೋದವರ ಮನೆಯಲ್ಲಿ ಅದನ್ನು ಗೋಡೆಗೆ ಬರೆದಿರುತ್ತಿದ್ದರು. ರಾತ್ರಿ ಹನ್ನೊಂದಾದರೆ ಕಾಲುಭಾಗ ದರ. ಆ ಹೊತ್ತಿಗೆ ಬೂತಿನ ಮುಂದೆ ಕಂಬಳಿ ಹೊದ್ದು ಕೂತ ಸಾಲು. ನಮ್ಮ ಬೂತು ನಡೆಸುತ್ತಿದ್ದವನಿಗೆ ಒಂದು ಕಾಲು ಪೋಲಿಯೊದಿಂದ ಸೊರಗಿತ್ತು. ಆತನ ತಮ್ಮ ಓಣಿ ಓಣಿ ಓಡಿ "ಪುಣೇದಿಂದ ಕಾಲ್ ಬಂದದ, ಹತ್ತ್ ಮಿನಿಟಿಗೆ ಮತ್ತ ಮಾಡ್ತಾರಂತ" ಎಂದು ಕೂಗುತ್ತಿದ್ದ. ಆ ಹುಡುಗ ಓಡದಿದ್ದರೆ ಎಷ್ಟು ತಂತಿ ಎಳೆದಿದ್ದರೂ ವ್ಯರ್ಥ.

ಮೊಬೈಲ್ ಬಂದಾಗ ನಮ್ಮ ಕಡೆ ಹುಟ್ಟಿದ ಶಬ್ದ 'ಟಾವರ್'. ಸಿಗ್ನಲ್ ಅನ್ನುವುದಿಲ್ಲ. "ಟಾವರ್ ಬಂತು", "ಟಾವರ್ ಹೋಯ್ತು", ಕಂಬವೇ ಎದ್ದು ಓಡಾಡುತ್ತದೆ ಎಂಬಂತೆ. ಮಹಾರಾಷ್ಟ್ರದ ಗಡಿ ದೂರವಿಲ್ಲದ ಊರುಗಳಲ್ಲಿ ಅದು ಓಡಾಡುತ್ತಲೂ ಇತ್ತು. ಹ್ಯಾಂಡ್‌ಸೆಟ್ಟು ತನಗೆ ಚೆನ್ನಾಗಿ ಕೇಳಿಸುವ ಟವರನ್ನು ಹಿಡಿಯುತ್ತದೆ. ಗಡಿಕಲ್ಲು ಅದಕ್ಕೆ ಕಾಣುವುದಿಲ್ಲ. ಪಡುವಣ ಹೊಲಕ್ಕೆ ಹೋದ ರೈತ ತನ್ನ ಹೊಲದಲ್ಲೇ ನಿಂತು ಮಹಾರಾಷ್ಟ್ರದ ಟವರಿಗೆ ಸಿಕ್ಕು ರೋಮಿಂಗ್ ದುಡ್ಡು ಕಟ್ಟುತ್ತಿದ್ದ. ದೇಶದ ಉಳಿದವರಿಗೆ 2003ರಲ್ಲಿಯೇ ಬಂದ ಕರೆಗೆ ದುಡ್ಡು ಕೊಡುವುದು ತಪ್ಪಿತ್ತು. ಗಡಿಯ ಹೊಲದವನಿಗೆ ತಪ್ಪಿರಲಿಲ್ಲ. ಅವ್ವ ಮತ್ತು ಚಿಕ್ಕವ್ವ ಮಾತಾಡುವುದು ಒಂದೇ ಕನ್ನಡ. ಅಕ್ಕಲಕೋಟ ತಾಲೂಕಿನ ಎಷ್ಟೋ ಹಳ್ಳಿಯ ಮನೆಮಾತು ಅದೇ. ಹೀಗಿದ್ದೂ ಇಬ್ಬರೂ ಮಿಸ್ ಕಾಲ್ ಭಾಷೆಯೊಂದನ್ನು ಕಲಿಯಬೇಕಾಯಿತು. ಒಂದು ರಿಂಗ್ ಅಂದರೆ ಆರಾಮ, ಎರಡು ಅಂದರೆ ಬಾ. 2017ರ ಹೊತ್ತಿಗೆ ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕ ತೆಗೆದಾಗ ಪೇಪರಿನಲ್ಲಿ ಅದು ವ್ಯಾಪಾರದ ಸುದ್ದಿ. ನಮ್ಮ ಮನೆಯಲ್ಲಿ ಅಕ್ಕತಂಗಿಯರು ಅವತ್ತು ಒಂದು ತಾಸು ಮಾತಾಡಿದರು.

ಟವರಿನ ಬಗ್ಗೆ ಹೆದರಿಕೆಯೂ ಬಂತು. ಓಣಿಯ ಹಿರಿಯರೊಬ್ಬರು, ಬಸುರಿ ಸೊಸೆ ಮನೆಯಲ್ಲಿದ್ದಾಳೆ, ಈ ಕಂಬದಿಂದ ಏನಾದರೂ ಆದೀತೇ ಎಂದು ನನ್ನ ಹತ್ತಿರ ಬಂದಿದ್ದರು. ನಗುವ ಮಾತಲ್ಲ ಅದು. ಕೂಡಿಸಿ ಹೇಳಿದೆ: ಈ ಅಲೆ ಎಕ್ಸ್-ರೇ ಜಾತಿಯದಲ್ಲ, ಬೆಳಕಿಗಿಂತಲೂ ಕಡಿಮೆ ಶಕ್ತಿಯದು, ದೂರ ಹೋದಷ್ಟೂ ಬೇಗ ಬೇಗ ಸೊರಗುತ್ತದೆ. ನಮ್ಮ ಸರಕಾರ 2012ರ ಸೆಪ್ಟೆಂಬರಿನಿಂದ ಟವರಿನ ವಿಕಿರಣಕ್ಕೆ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನೇ ಮಿತಿ ಮಾಡಿದೆ. ಇನ್ನೊಂದು ಮಾತು ಅವರಿಗೆ ಅಚ್ಚರಿ ತಂದಿತು. ಟವರ್ ದೂರವಿದ್ದಷ್ಟೂ ಕಿವಿಗೆ ಹಿಡಿದ ಫೋನೇ ಹೆಚ್ಚು ಜೋರು ಮಾಡಿ ಅಲೆ ಕಳಿಸಬೇಕಾಗುತ್ತದೆ. "ಅಂದ್ರ ನಮ್ಮವ್ವನಂಗ ಕೂಗ್ತದ" ಅಂದರು. ಅದಕ್ಕಿಂತ ಸರಿಯಾಗಿ ನಾನು ಮೂವತ್ತು ವರ್ಷ ಹೇಳಿರಲಿಲ್ಲ. ಸಿಡಿಲಿನ ಮಾತೂ ಹಾಗೇ. ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂದು ಕುರುಬರ ಹುಡುಗರು ಫೋನ್ ಬಂದ್ ಮಾಡಿ ಬೇವಿನ ಗಿಡದ ಕೆಳಗೆ ನಿಲ್ಲುತ್ತಾರೆ. ಎಳೆಯುವುದು ಆ ಒಂಟಿ ಗಿಡ. ತಂತಿಯ ಫೋನಿಗೆ ಆ ಭಯ ನಿಜವಿತ್ತು, ಸಿಡಿಲಿನ ಕರೆಂಟು ತಂತಿ ಹಿಡಿದು ಮನೆಯೊಳಗೆ ಬರಬಲ್ಲದು. ತಂತಿಯಿಲ್ಲದ ಫೋನಿಗೆ ಆ ಭಯ ಅಂಟಬಾರದು. ಗಿಡ ಬಿಟ್ಟು ಸರಿಯಿರಿ, ಮನೆ ಸೇರಲು ಆಗದಿದ್ದರೆ ತಗ್ಗಿನಲ್ಲಿ ಕುಕ್ಕರಗಾಲಲ್ಲಿ ಕೂಡಿರಿ ಎಂದು ಪ್ರತಿ ಮೇ ತಿಂಗಳು ಈಗಲೂ ಹೇಳುತ್ತಾ ತಿರುಗುತ್ತೇನೆ.

ನನ್ನ ಮನಸ್ಸನ್ನು ಇನ್ನೂ ಕೊರೆಯುವುದು ಬೇರೆ. ಅವ್ವನ ಹೆಬ್ಬೆಟ್ಟು.

ನಾನು ಮಾಸ್ತರಿಕೆ ಬಿಟ್ಟ ನಂತರದ ಒಂದು ಬೇಸಿಗೆ. ಅವ್ವ ರೇಷನ್ನಿಗೆ ಎರಡು ದಿನ ಹೋಗಿ ಬರಿಗೈಲಿ ಬಂದಿದ್ದಳು. ಒಂದು ದಿನ "ಸರ್ವರ್ ಇಲ್ಲ". ಇನ್ನೊಂದು ದಿನ "ತಂಬ್ ಬರಲಿಲ್ಲ". ಮೂರನೆಯ ದಿನ ನಾನೂ ಹೋದೆ. ಅಂಗಡಿಯ ಹುಡುಗ ಒಳ್ಳೆಯವನು. ಯಂತ್ರ ಹಿಡಿದು ಟಾವರ್ ಹುಡುಕುತ್ತ ಮೆಟ್ಟಿಲ ಮೇಲೆ, ಮೆಟ್ಟಿಲಿಂದ ಗಿಡದ ಕಟ್ಟೆ ಮೇಲೆ, ಅವನ ಹಿಂದೆ ಕಾರ್ಡು ಹಿಡಿದ ಇಪ್ಪತ್ತು ಮಂದಿ. ಟಾವರ್ ಸಿಕ್ಕಿತು. ಅವ್ವ ಬಲ ಹೆಬ್ಬೆಟ್ಟು ಒತ್ತಿದಳು. ಕೆಂಪು ದೀಪ. ಎಡಗೈಯದು. ಕೆಂಪು. ಹುಡುಗ ನೀರು ತಂದು ಬೆರಳು ಒರೆಸಿದ, ತನ್ನ ಅಂಗಿಗೇ ಉಜ್ಜಿದ. ಹತ್ತು ಬೆರಳೂ ಆದವು. ಕೆಂಪು.

ಅವ್ವ ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು ತಾನೇ ನೋಡಿಕೊಂಡಳು. "ನಾ ಇಲ್ಲಂತೇನು ಇದರಾಗ?" ಅಂದಳು.

ನಾನೂ ಆ ಬೆರಳು ಹಿಡಿದು ನೋಡಿದೆ. ಅಲ್ಲಿ ಗೆರೆ ಇರಲಿಲ್ಲ. ತೊಗರಿ ಕಡ್ಡಿ, ಜೋಳದ ದಂಟು, ಕಬ್ಬಿನ ರವದಿಯ ಗರಗಸದಂಥ ಅಂಚು, ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿದ ಅಂಗೈ, ಹಂಚಿನ ಬಿಸಿ. ಚರ್ಮ ಹೊಳಪಾಗಿ, ಅಡ್ಡಡ್ಡ ಸೀಳಿತ್ತು. ಗಾಜಿನ ಮೇಲೆ ಬೆರಳಿಟ್ಟರೆ ಏರು ಗೆರೆ ಮುಟ್ಟುವ ಕಡೆಗೂ ತಗ್ಗು ಗೆರೆ ಬಿಡುವ ಕಡೆಗೂ ಬೆಳಕು ಬೇರೆ ಬೇರೆ ಥರ ತಿರುಗುತ್ತದೆ, ಅದರಿಂದ ಚಿತ್ರ ಮೂಡುತ್ತದೆ. ಗೆರೆ ಸವೆದು ಬೆವರೂ ಆರಿದ ಮುದಿ ಬೆರಳು ಆ ಗಾಜಿಗೆ ಸರಿಯಾಗಿ ಅಂಟುವುದೇ ಇಲ್ಲ. ಇದು ವಿಜ್ಞಾನಕ್ಕೆ ಗೊತ್ತಿಲ್ಲದ ಮಾತಲ್ಲ. ಎಲ್ಲರಿಗಿಂತ ಹೆಚ್ಚು ದುಡಿದ ಬೆರಳನ್ನೇ ಎಲ್ಲರಿಗಿಂತ ಮೊದಲು ಇಲ್ಲ ಅನ್ನುವ ಯಂತ್ರ ಅದು, ಮತ್ತು ಅದನ್ನು ಇಟ್ಟದ್ದು ಆ ಬೆರಳುಗಳು ಅನ್ನ ಕೇಳಲು ಬರುವ ಬಾಗಿಲಿಗೆ.

ಬೆರಳು ಹೊಂದದಿದ್ದರೆ ರೇಷನ್ ನಿಲ್ಲಿಸಬಾರದು, ಬೇರೆ ಗುರುತು ನೋಡಿ ವಹಿಯಲ್ಲಿ ಬರೆದು ಕೊಡಬೇಕು ಎಂದು 2017ರಲ್ಲಿಯೇ ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಹೇಳಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಉಳಿಸಿತು, ಆದರೆ ಬೆರಳು ಹೊಂದಲಿಲ್ಲ ಎಂಬ ಕಾರಣಕ್ಕೆ ಹಕ್ಕಿದ್ದವರಿಗೆ ಇಲ್ಲ ಅನ್ನಬಾರದು ಎಂಬುದನ್ನೂ ನ್ಯಾಯಮೂರ್ತಿಗಳು ಅದರಲ್ಲಿ ಬರೆದರು. ನಾನು ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಆತ ಕೇಳಿಸಿಕೊಂಡ. "ಸರ, ಮಷೀನ್ನಾಗ ಎಂಟ್ರಿ ಆಗಲಿಲ್ಲಂದ್ರ ಆ ಅಕ್ಕಿ ನಾ ಕೈಲಿಂದ ತುಂಬಬೇಕಾಗ್ತದ" ಅಂದ. ಆತನ ಮೇಲೆ ನನಗೆ ಸಿಟ್ಟು ಬರಲಿಲ್ಲ. ದಿಲ್ಲಿಯಿಂದ ಹೊರಟ ಮಾತು ಆ ಗಿಡದ ಕಟ್ಟೆಗೆ ಮುಟ್ಟಿರಲಿಲ್ಲ, ನಮ್ಮ ತಮ್ಮನ ಫೋನು ನನಗೆ ಮುಟ್ಟದ ಹಾಗೆ.

ಅವತ್ತು ನಾನು ತಾಲೂಕಿಗೆ ಹೋಗಿ, ಎರಡು ಟೇಬಲ್ ದಾಟಿ, ಮೂರನೆಯ ಟೇಬಲ್ಲಿನಿಂದ ಒಂದು ಬರಹ ತಂದೆ. ಹುಡುಗ ಧೂಳು ಹಿಡಿದ ವಹಿ ತೆಗೆದು ಅವ್ವನ ಹೆಸರು ಬರೆದು ಅಕ್ಕಿ ಅಳೆದ. ಆದರೆ ಆ ಸಾಲಿನಲ್ಲಿ ಇದ್ದ ಇನ್ನೊಬ್ಬ ಮುದುಕಿಗೆ ತಾಲೂಕಿಗೆ ಹೋಗುವ ಮಾಸ್ತರ ಮಗ ಇರಲಿಲ್ಲ. ಆಕೆಯ ಚೀಲ ಮಡಚಿದ್ದು ಹಾಗೇ ಕಂಕುಳಲ್ಲಿತ್ತು. ಮರುದಿನ ಆಕೆಯ ಕಾರ್ಡು ತೆಗೆದುಕೊಂಡು ಮತ್ತೆ ಆಳಂದಕ್ಕೆ ಹೋದೆ. ಆಮೇಲೆ ಇನ್ನೂ ಕೆಲವರದು. ಈಗ ಪ್ರತಿ ತಿಂಗಳು ರೇಷನ್ ಕೊಡುವ ದಿನ ನಾನು ಅಲ್ಲಿ ಹೋಗಿ ಕೂಡುತ್ತೇನೆ. ಕೆಂಪು ದೀಪ ಹತ್ತಿದವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ವಹಿಯಲ್ಲಿ ಬಂತೋ ಇಲ್ಲವೋ ನೋಡಿ, ಸಂಜೆ ಅವರ ಮನೆ ಮುಂದೆ ಹಾದು "ಮುಟ್ತೇನು?" ಎಂದು ಕೇಳಿ ಬರುತ್ತೇನೆ.

ಅವತ್ತು ಅಕ್ಕಿ ತಂದ ಸಂಜೆ ಅವ್ವ ಮಾಳಿಗೆ ಹತ್ತಿದಳು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಫೋನಿನ ಗುಂಡಿ ಒತ್ತಿಕೊಟ್ಟೆ. ಆಕೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಪಡುವಣಕ್ಕೆ ತಿರುಗಿ, ಸೆರಗು ಕಿವಿಯಿಂದ ಸರಿಸಿ ಕೂಗಿದಳು:

"ಕೇಳಸಲತ್ತದೇನು?"

ಸುಮ್ಮನೆ ನಿಂತು ಕಾದಳು. ಚಿಕ್ಕವ್ವನೂ ಆ ಕಡೆ ಕೂಗಿಯೇ ಹೂಂ ಅಂದಿರಬೇಕು, ಮೆಟ್ಟಿಲ ಮೇಲೆ ಕೂತಿದ್ದ ನನಗೂ ಕೇಳಿಸಿತು.